ಸಂದು ಬಿಡದ ಕಲ್ಲು

ಮಾರ್ಚ್ 3, ಸೋಮವಾರ

ಎರಡು ಸ್ಕೂಲ್ ಯೂನಿಫಾರ್ಮ್‌ಗೆ ಕಾಲರ್ ಕೂರಿಸಿ ಟೈಲರಿಂಗ್ ಅಂಗಡಿ ಬಾಗಿಲು ಹಾಕಿದೆ. ಮತ್ತೆ ಗ್ರಾನೈಟ್ ಅಂಗಡಿಗೆ. ಇವತ್ತಾದರೂ ಒಂದು ಕಲ್ಲು ಆರಿಸಿಯೇ ಬರಬೇಕು ಅಂತ ಹಟ. ಅಡುಗೆಮನೆಯ ಹಳೇ ಸಿಮೆಂಟ್ ಕಟ್ಟೆ ಒಡೆಸಿ ಆಗಿದೆ. ಸ್ಟವ್ ಸ್ಟೂಲ್ ಮೇಲೆ ಕೂತಿದೆ. ಅಮ್ಮನಿಗೆ ಒಂದು ಲೋಟ ಟೀ ಮಾಡುವುದೂ ಸರ್ಕಸ್ಸು.

ಕಲ್ಲು ಕೊಯ್ಯುವವನಿಗೆ ಪಾಲಿಶ್ ಅಂತ ಹೆಸರಿಟ್ಟಿದ್ದೇನೆ. ಅವನ ಕಲ್ಲಿಗಿಂತ ಮಾತು ನುಣುಪು. ಪ್ರತಿ ಸ್ಲ್ಯಾಬಿನ ಮೇಲೂ ಒಂದು ಮಗ್ ನೀರು ಸುರಿದು, "ನೋಡಿ ಮೇಡಂ, ಒದ್ದೆ ಆದಾಗ್ಲೇ ಇದರ ನಿಜ ಬಣ್ಣ ಕಾಣೋದು" ಅನ್ನುತ್ತಾನೆ. ಅವನಿಗೆ ಎಲ್ಲವೂ ಒಂದಕ್ಕಿಂತ ಒಂದು ಚೆಂದ. ಕೊನೆಗೆ ಬೂದು ಬಣ್ಣದ್ದು ಒಪ್ಪಿದೆ. ಅಲ್ಲಲ್ಲಿ ಕಪ್ಪು ಚುಕ್ಕಿ. ಕೊಳೆ ಕಾಣಿಸದಂಥ ಬಣ್ಣ — ನನಗೆ ಬೇಕಾಗಿದ್ದು ಅಷ್ಟೇ.

ಅಮ್ಮನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. "ಚೆನ್ನಾಗಿದೆ. ನಿಮ್ಮಪ್ಪನಿಗೂ ಹೇಳ್ತೀನಿ ಬಿಡು" ಅಂದಳು. ಅಪ್ಪ ಹೋಗಿ ವರ್ಷ ತುಂಬಿತು. ಮಾತಿಗೆ ಹೇಳಿದಳು ಅಂದುಕೊಂಡೆ.

ಮಾರ್ಚ್ 5, ಬುಧವಾರ

ಪಾಲಿಶ್ ಅಳತೆಗೆ ಬಂದ. ಹೇಳಿದ್ದು ಬೆಳಿಗ್ಗೆ, ಬಂದದ್ದು ಸಂಜೆ. ತೆಳು ಪ್ಲೈವುಡ್ ಪಟ್ಟಿಗಳನ್ನು ಜೋಡಿಸಿ, ಅಂಟಿಸಿ, ಕಟ್ಟೆಯ ಆಕಾರದ್ದೇ ಒಂದು ಅಚ್ಚು ಮಾಡಿಕೊಂಡ. ಮೊದಲು ಕಾಗದ ಕತ್ತರಿಸಿ ಆಮೇಲೆ ಬಟ್ಟೆಗೆ ಕತ್ತರಿ ಹಾಕುವ ನನ್ನ ಪದ್ಧತಿಯೇ. ಮೆಚ್ಚಿದೆ, ಆದರೆ ಹೇಳಲಿಲ್ಲ. ಹೇಳಿದ್ದರೆ ಇನ್ನರ್ಧ ಗಂಟೆ ತಲೆ ತಿನ್ನುತ್ತಿದ್ದ.

ಅಡುಗೆಮನೆಯ ಎಡಕ್ಕೆ ಹೊರಗೋಡೆ. ಬಲಕ್ಕಿರುವುದು ಅಮ್ಮನ ಕೋಣೆಯ ಗೋಡೆ. ಆ ಗೋಡೆಯಿಂದ ಈ ಗೋಡೆಗೆ ಒಂದೇ ಕಲ್ಲು. ಎರಡೂ ತುದಿಗೆ ಸ್ವಲ್ಪ ಸಂದು ಬಿಡುತ್ತಾನಂತೆ.

"ಮನೆ ಅಂದ್ಮೇಲೆ ಅಷ್ಟಿಷ್ಟು ಅಲ್ಲಾಡುತ್ತೆ ಮೇಡಂ. ಸಂದಿಗೆ ಪೇಸ್ಟ್ ತುಂಬಿದ್ರೆ ಕಾಣೋದೇ ಇಲ್ಲ."

"ನಾನು ತೋಳು ಕೂರಿಸೋವಾಗ ಸಂದು ಬಿಟ್ಟು ಪೇಸ್ಟ್ ತುಂಬಿದ್ರೆ ಕೋಟು ಯಾರು ಹಾಕ್ಕೋತಾರೆ?"

"ಕೋಟು ಬೇರೆ, ಕಲ್ಲು ಬೇರೆ..."

"ಒಂದು ಕೂದಲೂ ತೂರಬಾರದು. ಅಷ್ಟು ಬಿಗಿ ಬೇಕು."

ತಲೆ ಕೆರೆದುಕೊಂಡು ಒಪ್ಪಿದ. ಅಚ್ಚನ್ನು ಇಟ್ಟು ತೋರಿಸಿದ. ಎರಡೂ ಗೋಡೆಗೆ ಮುತ್ತಿಟ್ಟ ಹಾಗೆ ಕೂತಿತು. ಖುಷಿಯಾಯಿತು.

ಮಾರ್ಚ್ 11, ಮಂಗಳವಾರ

ಕಲ್ಲು ಬಂತು. ಕೂರಲಿಲ್ಲ! ಬಲಗಡೆ ಒಂದು ಬೆರಳಗಲ ಜಾಸ್ತಿ ಉದ್ದ. ನನ್ನ ಬಾಯಿಗೆ ಹಿಡಿತವೇ ಇರಲಿಲ್ಲ. ಮಾತಿನಲ್ಲೇ ಮನೆ ಕಟ್ಟುವವರ ಹಣೆಬರಹ ಇಷ್ಟೇ ಅಂತೆಲ್ಲ ಅಂದೆ. ಕಲ್ಲು ಹೊತ್ತು ತಂದ ಇಬ್ಬರು ಗೋಡೆ ನೋಡುತ್ತ ನಿಂತರು.

ಪಾಲಿಶ್ ಹೋಗಿ ಗಾಡಿಯಿಂದ ಅಚ್ಚು ತಂದ. ಕಲ್ಲಿನ ಮೇಲಿಟ್ಟ — ಸರಿಯಾಗಿದೆ. ಗೋಡೆಗಳ ನಡುವೆ ಇಳಿಸಿದ — ಇಳಿಯಲಿಲ್ಲ. ಮೊನ್ನೆ ನನ್ನ ಕಣ್ಣೆದುರೇ ಕೂತಿದ್ದ ಅಚ್ಚು.

"ಪ್ಲೈವುಡ್ ಊದಿರಬೇಕು" ಅಂದೆ.

"ಕಲ್ಲೂ ಊದ್ತಾ ಮೇಡಂ?"

ಅವನು ಅಷ್ಟು ಚಿಕ್ಕ ಮಾತಾಡಿದ್ದು ಇದೇ ಮೊದಲು. ತುದಿ ಕೊಯ್ದು ತರುತ್ತೇನೆ ಅಂತ ಕಲ್ಲು ವಾಪಸ್ ಒಯ್ದ.

ಮಾರ್ಚ್ 12, ಬುಧವಾರ

ಸಮಾಧಾನವಿಲ್ಲ. ಅಡುಗೆಮನೆ ಚಿಕ್ಕದಾಗಿದ್ದರೆ ಅಮ್ಮನ ಕೋಣೆ ಅಷ್ಟು ದೊಡ್ಡದಾಗಿರಬೇಕು. ಗೋಡೆ ವಾಲಿರಬೇಕು, ಅಷ್ಟೇ. ಮೇಸ್ತ್ರಿಯನ್ನು ಕರೆಸಿದರಾಯಿತು. ಹೋಗಿ ನೋಡಿದೆ.

ಆ ಕೋಣೆಗೆ ಗೋಡೆಯಿಂದ ಗೋಡೆಗೆ ನೆಲಹಾಸು ಹೊಲಿದವಳು ನಾನೇ. ಕೂತದ್ದು ಕೂತ ಹಾಗೆ ಇತ್ತು ಇಷ್ಟು ದಿನ. ಈಗ ಅಡುಗೆಮನೆ ಕಡೆಯ ಅಂಚು ಗೋಡೆಗೆ ಒತ್ತಿ ಮೇಲಕ್ಕೆದ್ದಿದೆ. ಅಂದರೆ ಆ ಕಡೆಯೂ ಚಿಕ್ಕದು. ಈ ಕಡೆಯೂ ಚಿಕ್ಕದು.

ಗೋಡೆ ವಾಲಿಲ್ಲ. ದಪ್ಪವಾಗುತ್ತಿದೆ.

ಬರೆದ ಮೇಲೆ ಓದಿದರೆ ನನಗೇ ನಗು ಬರುತ್ತದೆ. ಆದರೂ ಅಳಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ಕೂತಿತು! ಓರೆಯಾಗಿ ಇಳಿಸಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕೂರಿಸಿದರು. ಕೊನೆಯ ಏಟಿಗೆ ಗೋಡೆಯೊಳಗಿಂದ ಒಂದು ನಿಟ್ಟುಸಿರಿನಂಥ ಸದ್ದು. ಪಾಲಿಶ್ ನನ್ನ ಮುಖ ನೋಡಿದ. ನಾನು ಸಿಂಕ್ ನೋಡಿದೆ.

"ಈಗ್ಲೂ ಹೇಳ್ತೀನಿ, ಸ್ವಲ್ಪ ಸಂದು ಬಿಡ್ಲಾ?"

"ಬೇಡ. ಈ ಕಲ್ಲೇ ಗೋಡೆನ ತಡೀಲಿ." ಬಾಯಿಂದ ಬಂದುಬಿಟ್ಟಿತು. ಅವನು ಟೀ ಕೂಡ ಕುಡಿಯದೆ ಹೊರಟ.

ಮಾರ್ಚ್ 29, ಶನಿವಾರ

ಯೂನಿಫಾರ್ಮ್ ಸೀಸನ್. ಬರೆಯಲು ಪುರುಸೊತ್ತಿಲ್ಲ. ದಿನಾ ಬೆಳಿಗ್ಗೆ ಟೇಪು ಹಿಡಿಯುತ್ತೇನೆ, ಅಡುಗೆಮನೆ ಒಂದು ದಾರದಷ್ಟೂ ಕುಗ್ಗಿಲ್ಲ. ಕಲ್ಲು ಗೆದ್ದಿತು ಅಂತ ಬೀಗುತ್ತಿದ್ದೆ. ಅಮ್ಮನ ಕಡೆ ಅಳೆಯಲೇ ಇಲ್ಲ... ನೆನಪಿರಲಿಲ್ಲ ಅಂದರೆ ಸುಳ್ಳು. ಹೆದರಿಕೆ.

ಇವತ್ತು ಅಮ್ಮನ ಬೀರು ತೆಗೆಯಲು ಹೋದೆ. ಬಾಗಿಲು ಅರ್ಧಕ್ಕೇ ಮಂಚಕ್ಕೆ ತಾಗಿ ನಿಂತಿತು. ನೆಲಹಾಸು ಮಡಿಕೆ ಮಡಿಕೆಯಾಗಿದೆ. ಕಲ್ಲು ಅಡ್ಡ ನಿಂತ ಕಡೆ ಗೋಡೆ ನಿಂತಿದೆ. ಅಡ್ಡ ಏನೂ ಇಲ್ಲದ ಕಡೆ, ನನ್ನ ಅಮ್ಮ ಮಲಗುವ ಕಡೆ, ಎರಡು ಪಾಲು ಬೆಳೆದಿದೆ. ಬಿಗಿ ಬೇಕು ಬಿಗಿ ಬೇಕು ಅಂತ ಕುಣಿದವಳು ನಾನೇ ತಾನೇ?

"ಅಮ್ಮ, ಇವತ್ತಿನಿಂದ ನನ್ನ ರೂಮಲ್ಲಿ ಮಲಕ್ಕೋ."

"ಯಾಕೆ? ನಂಗಿಲ್ಲಿ ಚೆನ್ನಾಗಿದೆ."

"ಗೋಡೆ ಮೈಮೇಲೆ ಬರ್ತಿದೆ, ಕಾಣ್ಸಲ್ವಾ ನಿಂಗೆ?"

"ಕಾಣ್ಸುತ್ತೆ." ಗೋಡೆಗೆ ಅಂಗೈ ಇಟ್ಟಳು, ಮಲಗಿದ ಮಗುವಿನ ಮೇಲೆ ಇಡುವ ಹಾಗೆ. "ಮೊದಲು ನಿಮ್ಮಪ್ಪ ತುಂಬಾ ದೂರ ಇದ್ರು ಕಣೇ. ಈಗ ಹತ್ರ ಆಗ್ತಿದಾರೆ. ಕಿವಿ ಇಟ್ಟು ಕೇಳು."

ಇಟ್ಟೆ. ಇಡಬಾರದಿತ್ತು. ಒಳಗೆ ಯಾರೋ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿದರು. ಮಂಡಿ ನೋವಿದ್ದ ಅಪ್ಪ ಹೊರಳುತ್ತಿದ್ದ ಹಾಗೆ, ನಿಧಾನಕ್ಕೆ.

ಏಪ್ರಿಲ್ 2, ಬುಧವಾರ

ನಿನ್ನೆ ಅಮ್ಮನನ್ನು ಕೈಹಿಡಿದು ಎಬ್ಬಿಸಿ ನನ್ನ ಹಾಸಿಗೆಯಲ್ಲೇ ಮಲಗಿಸಿದ್ದೆ. ಬೆಳಗಾಗುವಷ್ಟರಲ್ಲಿ ತನ್ನ ಮಂಚದಲ್ಲಿದ್ದಾಳೆ. ಅವಳನ್ನು ಹೊರಗೆ ಕರೆತಂದು ಕೋಣೆಗೆ ಬೀಗ ಹಾಕಿದೆ. ಬಾಗಿಲ ಮುಂದೆ ನೆಲದ ಮೇಲೆ ಕೂತು ಅತ್ತಳು. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ನೋಡಲಾಗಲಿಲ್ಲ, ತೆಗೆದುಕೊಟ್ಟೆ.

ನನಗೂ ಅಪ್ಪ ಬೇಕು. ದಿನಾ ನೆನಪಾಗುತ್ತಾನೆ. ಆದರೆ ಅಮ್ಮ ಬದುಕಿದ್ದಾಳೆ! ನಾನು ಬಿಟ್ಟುಕೊಡುವುದಿಲ್ಲ.

ಪಾಲಿಶ್‌ಗೆ ಫೋನ್ ಮಾಡಿದೆ. ಕಲ್ಲು ತೆಗೆಯಬೇಕು, ಇವತ್ತೇ. ಗೋಡೆ ಬರುವುದಿದ್ದರೆ ಅಡುಗೆಮನೆ ಕಡೆ ಬರಲಿ. ಕಟ್ಟೆ ಹೋದರೆ ಹೋಗಲಿ, ಸ್ಟೂಲ್ ಮೇಲೆ ಬೇಯಿಸಿಕೊಳ್ಳುತ್ತೇನೆ.

"ಹಂಗೆ ಬರಲ್ಲ ಮೇಡಂ. ಅದು ಕಚ್ಚಿಕೊಂಡಿರುತ್ತೆ. ನಡುಮಧ್ಯೆ ಕೊಯ್ದು ತೆಗೀಬೇಕು. ಶುಕ್ರವಾರ ಮೆಷಿನ್ ತರ್ತೀನಿ, ಗ್ಯಾರಂಟಿ."

ಏಪ್ರಿಲ್ 4, ಶುಕ್ರವಾರ

ಬರಲಿಲ್ಲ. ಇನ್ಯಾರದೋ ಮೆಟ್ಟಿಲ ಕೆಲಸವಂತೆ. "ಭಾನುವಾರ ಬೆಳಿಗ್ಗೆ ಫಸ್ಟ್ ನಿಮ್ದೇ" ಅಂದ. ಫೋನಿನಲ್ಲಿ ಬೇಡಿಕೊಂಡೆ. ಬೈದೆ. ಮತ್ತೆ ಬೇಡಿಕೊಂಡೆ. ಬೇರೆಯವರನ್ನು ಕೇಳಿದರೆ ಇನ್ನೊಬ್ಬ ಕೂರಿಸಿದ ಕಲ್ಲು ಮುಟ್ಟುವುದಿಲ್ಲ ಅಂತಾರೆ.

ಅಮ್ಮನ ಬಾಗಿಲು ಒಬ್ಬರು ಅಡ್ಡಡ್ಡ ನುಗ್ಗುವಷ್ಟೇ ತೆರೆಯುತ್ತದೆ. ಮಂಚ ಈಗ ಎರಡು ಗೋಡೆಯ ನಡುವೆ ತೊಟ್ಟಿಲಿನ ಹಾಗೆ ಸಿಕ್ಕಿಕೊಂಡಿದೆ. ಅವಳು ಗೋಡೆ ಕಡೆ ಮುಖ ಮಾಡಿ ಪಿಸುಗುಟ್ಟುತ್ತಿದ್ದಳು. ಏನಮ್ಮ ಅಂದೆ. "ಗಂಡ ಹೆಂಡ್ತಿ ಮಾತು, ನಿಂಗ್ಯಾಕೆ?" ಅಂದು ನಕ್ಕಳು. ಮುಖ ಎಷ್ಟೊಂದು ಚೆನ್ನಾಗಿತ್ತು. ಅದೇ ನನಗೆ ಹೆದರಿಕೆ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ

ಟೀ ತೆಗೆದುಕೊಂಡು ಹೋದೆ. ಬಾಗಿಲು ಸಲೀಸಾಗಿ, ಪೂರ್ತಿ ತೆರೆಯಿತು. ಕೋಣೆ ಮೊದಲಿನಷ್ಟೇ ದೊಡ್ಡದು. ನೆಲಹಾಸು ಮಟ್ಟಸವಾಗಿ ಮಲಗಿದೆ. ಹೊದಿಕೆ ಮಡಚಿ ಇಟ್ಟಿದೆ, ಅಂಚಿಗೆ ಅಂಚು ಕೂಡಿಸಿ, ಅಮ್ಮ ಮಡಚುವ ಹಾಗೆ.

ಅಮ್ಮ ಇಲ್ಲ.

ಬಚ್ಚಲು, ಹಿತ್ತಲು, ಬೀದಿ... ಬೀದಿ ತುದಿಯವರೆಗೂ ಓಡಿದೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು, ನಾನೇ ತೆಗೆದದ್ದು. ಅಮ್ಮನ ಚಪ್ಪಲಿ ಅಲ್ಲೇ ಇದೆ.

ಅದೇ ದಿನ, ಮಧ್ಯಾಹ್ನ

ಪಾಲಿಶ್ ಬಂದ. ಏನೂ ಗೊತ್ತಿಲ್ಲ ಅವನಿಗೆ, "ಹೇಳಿದ್ನಲ್ಲ ಮೇಡಂ, ಭಾನುವಾರ ಅಂತ" ಅಂದ. ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಗೋಡೆ ಒಡಿ ಅಂದೆ. ಕಲ್ಲು ಕೊಯ್ದು ದಾರಿ ಮಾಡಿಕೊಂಡು ಗೋಡೆ ಒಡಿ. ಅವನು ಪ್ಲಗ್ ಹಾಕಿ ಮೆಷಿನ್ ಎತ್ತಿದ.

ಕಟ್ಟೆಯ ಪಕ್ಕದ ಗೋಡೆಯಿಂದ ಅಮ್ಮನ ದನಿ. ದಿನಾ ತನ್ನ ಕೋಣೆಯಿಂದ ಕೂಗುತ್ತಿದ್ದ ದನಿಯೇ.

"ಯಾರೇ ಬಂದಿರೋದು? ಅವರಿಗೆ ಟೀ ಕೊಟ್ಯಾ?"

ಪಾಲಿಶ್ ಮೆಷಿನ್ ಅಲ್ಲೇ ಹಾಕಿ ಬರಿಗಾಲಲ್ಲಿ ಓಡಿದ.

ನಾನು ಗೋಡೆಗೆ ಕೆನ್ನೆ ಒತ್ತಿದೆ. "ಅಮ್ಮಾ, ಬಾರಮ್ಮ ಹೊರಗೆ. ನಂಗೆ ಯಾರಿದಾರೆ?" ಅಳು ತಡೆಯಲಾಗಲಿಲ್ಲ.

"ಅದಕ್ಯಾಕೆ ಅಳ್ತೀಯ? ಎಷ್ಟು ಜಾಗ ಇದೆ ಗೊತ್ತಾ ಇಲ್ಲಿ! ನಿನ್ನ ಹೊಲಿಗೆ ಮೆಷಿನ್ನಿಗೂ ಒಂದು ಮೂಲೆ ಬಿಟ್ಟಿದಾರೆ ನಿಮ್ಮಪ್ಪ. ಬೆಳಕಿರೋ ಕಡೆ."

ಆ ಕೋಣೆಗೆ ಹೋಗಿ ಕರೆದರೆ ಉತ್ತರವಿಲ್ಲ. ಇಲ್ಲಿ ಕರೆದರೆ ಮಾತ್ರ. ಅದಕ್ಕೇ ಕಟ್ಟೆ ಬಿಟ್ಟು ಏಳಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಿದ್ದೇನೆ, ಕಲ್ಲಿನ ಮೇಲೇ ಬರೆಯುತ್ತಿದ್ದೇನೆ. ಈಗಷ್ಟೇ ಟಕ್ ಅಂತು. ಸಿಂಕಿನ ಮುಂದೆ, ಕಲ್ಲು ಸಪೂರ ಇರುವಲ್ಲಿ ಒಂದು ಬಿರುಕು. ಉಗುರು ಇಟ್ಟು ನೋಡಿದೆ, ಹೋಗುತ್ತದೆ.

ಮುಂಬಾಗಿಲು ತೆರೆದೇ ಇದೆ. ಎದ್ದು ಹೋಗಬಹುದು. ಅಮ್ಮನನ್ನು ಒಳಗೆ ಬಿಟ್ಟು ಎಲ್ಲಿಗೆ ಅಂತ ಹೋಗಲಿ?

ಮತ್ತೆ ಟಕ್. ಬರೆಯುವ ಕೈಯ ಮೊಣಕೈಗೆ ಗೋಡೆ ತಾಗುತ್ತಿದೆ. ಬೆಚ್ಚಗಿದೆ. ಎಡಕ್ಕೆ ಸರಿದು ಕೂತೆ. ಮತ್ತೆ ತಾಗಿತು. ಹೆದರಬೇಡ ಅನ್ನುತ್ತಿದ್ದಾಳೆ ಅಮ್ಮ. ಕಣ್ಣು ಮುಚ್ಚಿಕೋ, ಉಸಿರು ಬಿಗಿಹಿಡಿ, ನಿಮ್ಮಪ್ಪ ಕೈ ಕೊಡ್ತಾರೆ, ಬಲಗೈ ಮುಂದೆ