ಸೂಜಿ ಚುಚ್ಚಿದ ಚಿತ್ರ

ಮಟ್ಟಾಂಚೇರಿ
೨೧-೮-೧೯೫೮, ಗುರುವಾರ

ಪ್ರೀತಿಯ ನಮ್ಮವರಿಗೆ,

ತಿರುವನಂತಪುರಕ್ಕೆ ವರ್ಗವಾಗಿ ಉಳ್ಳೂರಿನ ರೂಮಿಗೆ ಹೋದ ಮೇಲೆ ನಿಮ್ಮ ಉಬ್ಬಸ ಹೇಗಿದೆ? ಹೋಟೆಲಿನ ಸಾಂಬಾರು ಹೊಟ್ಟೆಗೆ ಹಿಡಿಸಿತೇ? ನನಗೆ ಐದು ತಿಂಗಳು ತುಂಬಿತು. ವಾಂತಿ ನಿಂತಿದೆ, ಹೆದರಿಕೆ ನಿಂತಿಲ್ಲ. ಅದಕ್ಕೆ ಕಾರಣ ನೀವೇ ಮಾರಾಯ್ರೆ.

ಟ್ರಂಕು ತೆಗೆಯಬೇಡ ಎಂದು ಎರಡು ಕಾಗದದಲ್ಲೂ ಬರೆದಿರಿ. ಒಮ್ಮೆ ಬರೆದಿದ್ದರೆ ತೆಗೆಯುತ್ತಿರಲಿಲ್ಲ. ನಿಮ್ಮ ಕರಿ ಕೋಟಿನ ಅಡಿಯಲ್ಲಿ ತಗಡಿನ ಕೊಳವೆ, ಅದರೊಳಗೆ ಸುರುಳಿ ಸುತ್ತಿದ ಹಳೇ ಕಾಗದ. ಬಿಡಿಸಿದರೆ ಕೆಂಪು ಸೀಮೆಸುಣ್ಣದಲ್ಲಿ ಬರೆದ ಹೆಂಗಸು. ಮೈಮೇಲೆ ನೂಲಿಲ್ಲ, ಸಮುದ್ರದ ಬಂಡೆಗೆ ಕಟ್ಟಿಹಾಕಿದ್ದಾರೆ. ತಿರುವನಂತಪುರದಲ್ಲಿ ಯಾರೋ ಇದ್ದಾಳೆ ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಬೆಳಕಿಗೆ ಹಿಡಿದೆ. ಕಣ್ಣು, ಕುತ್ತಿಗೆ, ಹೊಟ್ಟೆಯ ಸುತ್ತ ಸಾಲಾಗಿ ಸೂಜಿ ಚುಚ್ಚಿದ ತೂತು. ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಯಾರೋ ನನ್ನ ಬಸಿರಿಗೆ ಮಾಟ ಮಾಡಿಸಿದ್ದಾರೆ ಎಂದು ಪಕ್ಕದ ಮನೆಯ ಚಂದ್ರಾವತಿಯಕ್ಕನನ್ನು ಕೂಗಿದೆ. ಅವರು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಕಾಗದವನ್ನೂ ಹಾಕುವವರೇ. ನಾನು ಬಿಡಲಿಲ್ಲ, ಮಾಡಿಸಿದ್ದು ಯಾರೆಂದು ನನಗೆ ಗೊತ್ತಾಗಬೇಕಿತ್ತು.

ಮರುದಿನ ಶಾಲೆಯ ಡ್ರಾಯಿಂಗ್ ಮಾಸ್ತರು ಸುಬ್ರಾಯರಿಗೆ ತೋರಿಸಿದೆ. ಪುಣ್ಯಾತ್ಮರು ನಗಲಿಲ್ಲ. ದೊಡ್ಡ ಚಿತ್ರ ಬರೆಯುವ ಮುಂಚೆ ಹೀಗೆ ಗೆರೆಯ ಮೇಲೆ ಚುಚ್ಚಿ, ಇದ್ದಿಲ ಪುಡಿ ಉದುರಿಸಿ ಗೋಡೆಗೆ ಇಳಿಸಿಕೊಳ್ಳುತ್ತಾರಂತೆ. ಬರೆದವನು ಇನ್ನೂರು ಮುನ್ನೂರು ವರ್ಷದ ಹಿಂದಿನ ಡಚ್ಚಿನವ. ಅವಳು ಗ್ರೀಕರ ಪುರಾಣದ ಆಂಡ್ರೋಮಿಡಾ ಎಂಬ ರಾಜಕುಮಾರಿ. ತಾಯಿ ಜಂಬ ಕೊಚ್ಚಿಕೊಂಡ ತಪ್ಪಿಗೆ ಮಗಳನ್ನು ಕಡಲ ಮೃಗಕ್ಕೆ ಕಟ್ಟಿದರಂತೆ. ಎಲ್ಲಿಯ ನ್ಯಾಯವೋ. ಅಷ್ಟು ಹೇಳಿ ಮಾಸ್ತರು ಕಾಗದ ಮಗುಚಿದರು. ಹಿಂದೆ ನಂಬರು ೪೧, ನಿಮ್ಮ ಕೈಬರಹ.

ಕೋಟೆಯ ಹತ್ತಿರ ವ್ಯಾಜ್ಯದಲ್ಲಿರುವ ಆ ಡಚ್ಚರ ಮನೆಯ ಸಾಮಾನಿಗೆಲ್ಲ ಕೋರ್ಟಿನ ಪರವಾಗಿ ನಂಬರು ಹಾಕಿದವರು ನೀವು. ವರ್ಗದ ಗಡಿಬಿಡಿಯಲ್ಲಿ ಮರೆತು ತಂದಿರಾ? ಮರೆತವರು ಕೋಟಿನ ಅಡಿ ಇಡುತ್ತಾರಾ? ಭಾನುವಾರ ರತ್ನಾಕರ ಎಂಬವರು ಬರುತ್ತಾರೆ, ಟ್ರಂಕು ಕೊಟ್ಟು ಕಳಿಸು ಎಂದಿರಲ್ಲ, ಅವರು ಯಾರು? ಮದುವೆಯಾಗಿ ಏಳು ವರ್ಷ, ನಿಮ್ಮ ಬಾಯಲ್ಲಿ ಆ ಹೆಸರು ನಾನು ಕೇಳಿಯೇ ಇಲ್ಲ.

ಬಿಸಿನೀರೇ ಕುಡಿಯಿರಿ, ಮಳೆಗೆ ತಲೆ ಕೊಡಬೇಡಿ.

ಸಿಟ್ಟಿದ್ದರೂ ನಿಮ್ಮವಳೇ,
ಸುಮಿತ್ರ

ತಾ.ಕ.: ಟಪಾಲಿಗೆ ಹೊತ್ತಾಯಿತು. ರತ್ನಾಕರರನ್ನು ಕಳಿಸಬೇಡಿ. ಕೊಳವೆಯನ್ನು ಇವತ್ತು ಬೆಳಿಗ್ಗೆ ಇಲ್ಲಿಯ ಕೋರ್ಟಿನ ಹೆಡ್ ಕ್ಲಾರ್ಕ್ ಹರಿನಾರಾಯಣರ ಮೇಜಿನ ಮೇಲೆ ಇಟ್ಟುಬಂದೆ. ನಮ್ಮವರು ಮರೆತು ಮನೆಯಲ್ಲಿ ಬಿಟ್ಟಿದ್ದರು, ಕೂಡಲೇ ಕೊಟ್ಟು ಬಾ ಎಂದು ಬರೆದಿದ್ದಾರೆ ಎಂದೆ. ಅವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಮತ್ತೇನೂ ಕೇಳದೆ ರಶೀದಿ ಬರೆದುಕೊಟ್ಟರು. ನಿಮ್ಮನ್ನು ಕೇಳಿದರೆ ನೀವೂ ಹಾಗೇ ಹೇಳಿ. ಮಗುವಿಗಾಗಿ ಈ ಸುಳ್ಳು ಹೇಳಿದ್ದೇನೆ, ಇನ್ನೊಂದು ನನ್ನಿಂದ ಹೇಳಿಸಬೇಡಿ.