ಚಾಚದೆ ಉಳಿದ ಕೈ

ಪ್ರೀತಿಯ ಏವಿಸ್,

ನಿನ್ನ ಪತ್ರ ಮಂಗಳವಾರ ಬಂತು. ಓದಿ, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟು, ಎರಡು ದಿನ ಅತ್ತ ನೋಡದೆ ಸೇಬು ಹೆಚ್ಚುತ್ತ ಕಳೆದೆ. ಅಕ್ಟೋಬರಿನ ಕೊನೆಯ ಭಾನುವಾರ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವಾಗ ನೀನು ಮಾತನಾಡುತ್ತೀಯಂತೆ. ನಾವು ಹದಿನಾರರ ಹುಡುಗಿಯರಾಗಿದ್ದಾಗ ನಡೆದ ಆ ಉದ್ದದ ಮೌನದ ಕಥೆ ಹೇಳಿ, ‘ಅವತ್ತು ದೇವರೇ ನಮ್ಮನ್ನ ಏಳಕ್ಕೆ ಬಿಡ್ಲಿಲ್ಲ’ ಎಂದು ಈಗ ಅಲ್ಲಿ ಓದುತ್ತಿರುವ ಮಕ್ಕಳಿಗೆ ತಿಳಿಸಬೇಕೆಂದಿದ್ದೀಯ. ನಿನಗೂ ನೆನಪಿದೆಯಾ ಎಂದು ಬೇರೆ ಕೇಳಿದ್ದೀಯ. ನೆನಪಿದೆ ಮಾರಾಯ್ತಿ. ನಲವತ್ತೆಂಟು ವರ್ಷದಿಂದ ನೆನಪಿದೆ. ಅಷ್ಟು ಜನರ ಮುಂದೆ ನೀನು ಬಾಯಿ ತೆರೆಯುವ ಮೊದಲು ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ನೀನು ನನ್ನ ಮುಖ ನೋಡುತ್ತೀಯೋ ಇಲ್ಲವೋ ಎಂಬ ಹೆದರಿಕೆಯೂ ಇದೆ.

ನೀನು ಒಹಾಯೋದ ಈ ಗುಡ್ಡದ ಮೇಲಿನ ವಸತಿಶಾಲೆಗೆ ಬಂದಾಗ ನಿನ್ನ ಅಮ್ಮ ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಕೆಲಸದ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರಿತ್ತು: ಸೇಬಿನ ತೋಟ, ಮಧ್ಯಾಹ್ನ ಮೂರರಿಂದ ಐದು. ನೆಲದ ಮೇಲಿದ್ದಾಗ ನೀನು ಯಾರ ಜೊತೆಗೂ ಮಾತನಾಡುತ್ತಿರಲಿಲ್ಲ. ಏಣಿ ಹತ್ತಿದರೆ ಮಾತ್ರ ನಾಲಿಗೆ ಸಡಿಲವಾಗುತ್ತಿತ್ತು. ಎಲೆಗಳ ನಡುವಿನಿಂದ ನಿನ್ನ ಬೂಟುಗಳಷ್ಟೇ ಕಾಣುತ್ತಿದ್ದವು, ಹಾಗಾಗಿ ಮೊದಲು ನನಗೆ ಸ್ನೇಹವಾದದ್ದು ಆ ಬೂಟುಗಳ ಜೊತೆಗೆ. ‘ರೋಡಾ, ಹಸುವಿಗೆ ನಾಲ್ಕು ಹೊಟ್ಟೆ ಅಂತಾರಲ್ಲ, ಅದು ಸುಳ್ಳು. ಒಂದೇ ಹೊಟ್ಟೆ, ನಾಲ್ಕು ಕೋಣೆ’ ಎಂದು ಒಮ್ಮೆ ಮೇಲಿನಿಂದ ಹೇಳಿದೆ. ‘ನಿಂಗಿರೋದು ಒಂದೇ ಕೋಣೆ, ಅದನ್ನ ಸೇಬು ತಿಂದು ತುಂಬಿಸ್ಬೇಡ, ಬುಟ್ಟಿಗೂ ಸ್ವಲ್ಪ ಹಾಕು’ ಎಂದೆ ನಾನು. ಅವತ್ತು ನೀನು ಮೊದಲ ಸಲ ನಕ್ಕೆ. ಪಶುವೈದ್ಯೆಯಾಗಬೇಕು ಅಂತಿದೆ ಎಂದು ಅದೇ ಏಣಿಯ ಮೇಲಿಂದ ಹೇಳಿದೆ.

ಸೇಬಿನ ರಸ ಹಿಂಡುವ ಶನಿವಾರ ಇಡೀ ಶಾಲೆ ಅಂಗಳದಲ್ಲಿತ್ತು. ಕೈಯೆಲ್ಲ ಅಂಟು, ತಲೆಯ ಸುತ್ತ ಜೇನುನೊಣ. ನೀನು ಯಂತ್ರದ ಹಿಡಿ ತಿರುಗಿಸುತ್ತ, ನನ್ನ ಕಡೆ ನೋಡದೆ, ‘ನಾಳೆ ಅಪ್ಪ ಬರ್ತಾರೆ. ಪ್ರಾರ್ಥನೆ ಸಭೆ ಮುಗಿದ ತಕ್ಷಣ ಹೊರಡೋದು. ಮನೇಲಿ ತಮ್ಮಂದಿರನ್ನ ನೋಡ್ಕೊಳ್ಳೋಕೆ ಯಾರೂ ಇಲ್ವಂತೆ. ಇನ್ನು ಓದು ಸಾಕಂತೆ’ ಎಂದೆ. ನಾನು ಇನ್ನೊಂದು ಬುಟ್ಟಿ ಸೇಬನ್ನು ಯಂತ್ರಕ್ಕೆ ಸುರಿದೆ.

ಮರುದಿನ ಹತ್ತು ಗಂಟೆಗೆ ನೂರಿಪ್ಪತ್ತು ಜನ ಬೆಂಚುಗಳಲ್ಲಿ ಕುಳಿತೆವು. ನಮ್ಮ ಕ್ವೇಕರ್ ಪಂಥದ ಪ್ರಾರ್ಥನಾ ಸಭೆಯಲ್ಲಿ ಬೇರೆ ಕ್ರೈಸ್ತರಂತೆ ಪಾದ್ರಿಯೂ ಇಲ್ಲ, ಹಾಡೂ ಇಲ್ಲ. ಒಂದು ಗಂಟೆಯ ಮೌನ, ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಾಲ್ಕು ಮಾತು, ಕೊನೆಗೆ ಅದಕ್ಕೆಂದು ನೇಮಿಸಿದ ಒಬ್ಬರು ಪಕ್ಕದವರ ಕೈ ಕುಲುಕಿದರೆ ಸಭೆ ಮುಗಿಯಿತು. ಆ ತಿಂಗಳು ಕೈ ಚಾಚುವ ಸರದಿ ನನ್ನದು. ನನ್ನ ಪಕ್ಕದಲ್ಲಿ ಎನಾಸ್ ಮಾಸ್ತರರು. ಕೊನೆಯ ಬೆಂಚಿನಲ್ಲಿ ನಿನ್ನ ಅಪ್ಪ, ಟೋಪಿ ಮೊಣಕಾಲ ಮೇಲೆ. ಕಿಟಕಿಯಾಚೆ ಜಗಲಿಯ ಮೇಲೆ ನಿನ್ನ ಪೆಟ್ಟಿಗೆ, ಅದರ ಮೇಲೆ ಮೇಪಲ್ ಎಲೆಗಳು ಬೀಳುತ್ತಿದ್ದವು.

ಗಡಿಯಾರ ಹನ್ನೊಂದು ತೋರಿಸಿತು. ನಾನು ಕೈ ಚಾಚಲಿಲ್ಲ.

ಇದೇ ಏವಿಸ್, ನಾನು ಒಪ್ಪಿಕೊಳ್ಳಬೇಕಾದದ್ದು. ನನಗೆ ಯಾವ ಪ್ರೇರಣೆಯೂ ಆಗಿರಲಿಲ್ಲ, ಯಾವ ಬೆಳಕೂ ಕಾಣಲಿಲ್ಲ. ಕೈ ಚಾಚಿದರೆ ನೀನು ಹೋಗುತ್ತೀಯ, ಚಾಚದಿದ್ದರೆ ಇಲ್ಲೇ ಇರುತ್ತೀಯ ಎಂಬುದೊಂದೇ ತಲೆಯಲ್ಲಿದ್ದದ್ದು. ಇಡೀ ಶಾಲೆಯ ಪ್ರಾರ್ಥನೆಯನ್ನು ನನ್ನ ಹಟಕ್ಕೆ ಬಳಸಿಕೊಂಡೆ. ಬೇರೆಯವರಾಗಿದ್ದರೆ ಎದ್ದು, ‘ಏನಮ್ಮಾ, ನಿದ್ದೆ ಬಂತಾ’ ಎಂದು ಕೇಳುತ್ತಿದ್ದರು. ನಮ್ಮವರು ಹಾಗಲ್ಲವಲ್ಲ. ನಮ್ಮ ತರಗತಿಯ ಥರ್ಮನ್‌ನ ಹೊಟ್ಟೆ ಹಸಿವಿಗೆ ಇಡೀ ಸಭಾಂಗಣಕ್ಕೆ ಕೇಳುವಂತೆ ಗುಡುಗಿತು, ಯಾರೂ ನಗಲಿಲ್ಲ. ಫುಟ್‌ಬಾಲ್ ಆಡಲು ಬಂದಿದ್ದ ಪಕ್ಕದೂರಿನ ಹುಡುಗರ ಬಸ್ಸು ಹೊರಗೆ ನಿಂತೇ ಇತ್ತು. ಅಡುಗೆಯ ಕೆಜಾಯಾ ಮೆಲ್ಲಗೆ ಎದ್ದು ಹೋಗಿ, ಒಲೆ ಆರಿಸಿ ಬಂದು, ಮತ್ತೆ ಕಣ್ಣು ಮುಚ್ಚಿ ಕುಳಿತಳು. ರೋಡಾಳಿಗೆ ಏನೋ ಕಂಡಿರಬೇಕು ಎಂದು ಎಲ್ಲರೂ ನಂಬಿ ಕಾದರು. ಆ ನಂಬಿಕೆ ನೋಡಿ ನನಗೆ ನಾಚಿಕೆಯಾಯಿತು.

ಹನ್ನೊಂದೂವರೆಗೆ ಧೈರ್ಯ ಪೂರಾ ಹೋಯಿತು. ಮುಗಿಸಿಬಿಡೋಣ ಎಂದುಕೊಂಡೆ. ಕೈ ಏಳಲಿಲ್ಲ.

ಜೋಮು ಹಿಡಿದಿರಲಿಲ್ಲ, ಬೆರಳು ಆಡುತ್ತಿದ್ದವು. ಆದರೆ ಕೈ ತೊಡೆಯ ಮೇಲೆಯೇ ಉಳಿಯಿತು. ಯಂತ್ರದ ಹಿಡಿಯನ್ನು ಇನ್ನು ತಿರುಗಿಸಲಾಗದು ಎನ್ನುವ ಹೊತ್ತಿಗೆ ರಸ ತಾನಾಗಿ ಇಳಿಯತೊಡಗುತ್ತದಲ್ಲ, ಆ ಮೌನಕ್ಕೂ ಹಾಗೆಯೇ ಏನೋ ಆಯಿತು. ನೂರಿಪ್ಪತ್ತು ಜನರ ಉಸಿರು ಒಂದೇ ಉಸಿರಾಗಿ ಏರಿಳಿಯುವುದು ಕೇಳಿಸಿತು. ಅಷ್ಟು ದೊಡ್ಡದರ ಎದುರು ನಾನು ಅದಕ್ಕೆ ಮೊದಲೂ ಕುಳಿತಿರಲಿಲ್ಲ, ಆಮೇಲೂ ಕುಳಿತಿಲ್ಲ.

ಆಗ ನಿನ್ನ ಅಪ್ಪ ಎದ್ದರು.

‘ಇಲ್ಲಿ ಕೂತಾಗಿಂದ ಒಂದೇ ಯೋಚ್ನೆ ಮಾಡ್ತಿದ್ದೆ, ಸಂಜೆ ಹಾಲು ಕರೆಯೋ ಹೊತ್ತಿಗೆ ಊರು ಸೇರ್ಬೇಕು ಅಂತ. ಈಗ ಆ ಯೋಚ್ನೆ ಮುಗೀತು. ಅದರ ಕೆಳಗೆ ಏನಿತ್ತು ಅಂತ ಕಾಣ್ತಿದೆ. ಮನೇಲಿ ನೋಡ್ಕೊಳ್ಳೋರಿಲ್ಲ ಅಂತ ಮಗಳಿಗೆ ಬರೆದೆ. ಅದು ನಿಜ ಅಲ್ಲ. ಅಡುಗೆ ನಂಗೆ ಬರುತ್ತೆ, ಹುಡುಗ್ರ ಬಟ್ಟೆನೂ ಒಗೀತೀನಿ. ಅವಳ ಅಮ್ಮ ಕೂರ್ತಿದ್ದ ಕುರ್ಚಿ ಖಾಲಿ ಇರೋದನ್ನ ನಂಗೆ ನೋಡಕ್ಕಾಗಲ್ಲ. ಅಲ್ಲಿ ಇವಳನ್ನ ಕೂರಿಸ್ಬೇಕು ಅಂತಿದ್ದೆ.’ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. ‘ಅದಕ್ಕೋಸ್ಕರ ಮಗೂನ ಓದು ಬಿಡಿಸೋದು ತಪ್ಪು.’

ಅಷ್ಟು ಹೇಳಿ ಕುಳಿತರು. ನೀನು ಅಳತೊಡಗಿದೆ, ಮುಖ ಮುಚ್ಚಿಕೊಳ್ಳದೆ, ಸಣ್ಣ ಮಗುವಿನ ಹಾಗೆ. ಅಮ್ಮ ಹೋದ ಮೇಲೆ ಅದೇ ಮೊದಲ ಅಳು ಎಂದು ನೀನೇ ಆಮೇಲೆ ಹೇಳಿದ್ದೆ. ನಾನು ನೋಡುವಾಗ ನನ್ನ ಕೈ ಎನಾಸ್ ಮಾಸ್ತರರ ಕೈಯಲ್ಲಿತ್ತು. ಯಾವಾಗ ಚಾಚಿದೆನೋ ತಿಳಿಯದು. ಗಂಟೆ ಹನ್ನೆರಡು ಆಗುತ್ತಿತ್ತು.

ನಿನ್ನ ಅಪ್ಪ ಪೆಟ್ಟಿಗೆಯನ್ನು ತಾವೇ ಹೊತ್ತು ನಿನ್ನ ಕೋಣೆಗೆ ವಾಪಸ್ ಇಟ್ಟರು. ತಣ್ಣಗಾದ ಬೀನ್ಸ್ ಕಾಳನ್ನು ಎರಡು ಸಲ ಬಡಿಸಿಕೊಂಡು ತಿಂದರು. ಜಗಲಿಯಲ್ಲಿ ಎನಾಸ್ ಮಾಸ್ತರರು ನನ್ನನ್ನು ತಡೆದು, ‘ಇವತ್ತು ಕೈ ಭಾರವಾಗಿತ್ತಾ, ರೋಡಾ?’ ಎಂದರು. ಹೌದೆಂದೆ. ‘ಯಾರದು ಆ ಭಾರ?’ ಎಂದರು. ನಾನು ಎಲೆ ಗುಡಿಸಲು ಹೋಗಬೇಕೆಂದು ತಪ್ಪಿಸಿಕೊಂಡೆ. ಅವರು ಮತ್ತೆಂದೂ ಕೇಳಲಿಲ್ಲ, ಕೇಳದೆಯೇ ತೀರಿಕೊಂಡರು.

ಹನ್ನೊಂದು ದಾಟಿದ ಮೇಲಿನ ಮೊದಲ ಅರ್ಧ ಗಂಟೆ ನನ್ನದು, ಶುದ್ಧ ಹಟ. ಆಮೇಲಿನದು ನನ್ನದಲ್ಲ. ಯಾರದು ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ದೇವರೇ ಕೂರಿಸಿದ ಎಂದು ನೀನು ಹೇಳಿದರೆ ಅರ್ಧ ಸುಳ್ಳು. ಎಲ್ಲ ನಾನೇ ಮಾಡಿದ್ದು ಎಂದು ನಾನು ಹೇಳಿದರೂ ಅರ್ಧ ಸುಳ್ಳು. ಎರಡನ್ನೂ ಹೇಳು. ನನ್ನ ಹೆಸರನ್ನೂ ಹೇಳು. ಹಟಮಾರಿ ಹುಡುಗಿಯೊಬ್ಬಳ ತಪ್ಪಿನೊಳಗೂ ಅಂಥದ್ದು ಇಳಿದು ಬಂತು ಎಂಬುದು ಆ ಮಕ್ಕಳಿಗೂ ಗೊತ್ತಾಗಲಿ.

ಇನ್ನೊಂದು ಸುದ್ದಿ. ಆ ಭಾನುವಾರ ಸಭೆ ಮುಗಿಸುವ ಸರದಿಯನ್ನು ನನಗೇ ಕೊಟ್ಟಿದ್ದಾರೆ. ಅವತ್ತಿನಿಂದ ಈವರೆಗೆ ಆ ಕೆಲಸವನ್ನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ, ಈ ಸಲ ಒಪ್ಪಿದ್ದೇನೆ. ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿವೆ. ನನ್ನ ಮೇಲೆ ಸಿಟ್ಟು ಬಂದಿರದಿದ್ದರೆ ನನ್ನ ಪಕ್ಕದಲ್ಲೇ ಕೂರು. ಗಂಟೆಯಾದರೂ ನಾನು ಕೈ ಚಾಚದಿದ್ದರೆ ದೇವರೆಂದುಕೊಳ್ಳಬೇಡ, ಸರಿಯಾಗಿ ಒಮ್ಮೆ ಚಿವುಟು. ಆಗಲೂ ಚಾಚದಿದ್ದರೆ, ಸುಮ್ಮನೆ ಕೂತಿರು.

ನೀನು ಹತ್ತುವ ಏಣಿಗಳೆಲ್ಲ ಗಟ್ಟಿಯಾಗಿರಲಿ.

ಕೆಳಗೆ ಬುಟ್ಟಿ ಹಿಡಿದು ನಿಂತಿರುವ,
ನಿನ್ನ ರೋಡಾ