ಕೂಗಿದವಳಿಗೆ ಕೂಗಲಿಲ್ಲವೆಂಬ ಶಿಕ್ಷೆ

ಮಾನ್ಯ ಕ್ರೀಡಾ ನಿರ್ದೇಶಕರೇ,

ಆಟ ನಡೆಯುತ್ತಿರುವಾಗಲೂ ಧ್ವನಿವರ್ಧಕದಲ್ಲಿ ಹಾಡು ಹಾಕಿಸಿದವರು ನೀವು. ಕೂಗಲಿಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಿಂದ ಹೊರಬಿದ್ದವಳು ನನ್ನ ಮಗಳು. ನನ್ನ ದೂರು ಇಷ್ಟೇ. ಇಷ್ಟನ್ನು ಹೇಳಲು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ. ಒಮ್ಮೆ ನೀವು ಸಭೆಯಲ್ಲಿದ್ದಿರಿ, ಒಮ್ಮೆ ಪ್ರವಾಸದಲ್ಲಿದ್ದಿರಿ, ಇನ್ನೊಮ್ಮೆ ಒಳಗೇ ಇದ್ದಿರಿ, ಆದರೂ ಇರಲಿಲ್ಲ. ಹಾಗಾಗಿ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಬುಟ್ಟಿಗೆ ಚೆಂಡು ಬೀಳುವುದನ್ನು ನೋಡಲು ಜನ ಬರುತ್ತಾರೆ, ಬೀಳದಿರುವುದನ್ನು ನೋಡಲು ಯಾರು ಬರುತ್ತಾರೆ ಎಂದು ಈ ವರ್ಷದ ಮೊದಲ ಸಭೆಯಲ್ಲಿ ನೀವು ಕೇಳಿದಿರಂತೆ. ಬಹಳ ಒಳ್ಳೆಯ ಪ್ರಶ್ನೆ. ನಾನು ಬರುತ್ತೇನೆ ಎಂದು ಹೇಳಲು ನನ್ನನ್ನು ಆ ಸಭೆಗೆ ಯಾರೂ ಕರೆದಿರಲಿಲ್ಲ. ಅಂದಿನಿಂದ ನಮ್ಮ ಹುಡುಗಿಯರು ಓಡುವುದು, ಎಸೆಯುವುದು, ಮತ್ತೆ ಓಡುವುದು. ಅಂಕಗಳೇನೋ ನೂರು ಮುಟ್ಟಿದವು. ಎದುರಾಳಿಗಳ ಅಂಕಗಳು ನೂರು ದಾಟಿದವು. ಗಳಿಸಿದ್ದನ್ನೆಲ್ಲ ಹಿತ್ತಲ ಬಾಗಿಲಿನಿಂದ ಹೊರಗೆ ಸುರಿಯುವ ಮನೆಗೆ ಶ್ರೀಮಂತರ ಮನೆ ಎನ್ನುತ್ತಾರೆಯೇ, ಮಾನ್ಯರೇ? ಸೋತು ಬಂದ ತಂಡಕ್ಕೆ ನೀವು ಹಾರ ಹಾಕಿಸಿದ ಚಿತ್ರ ಇನ್ನೂ ನಿಮ್ಮ ಕಚೇರಿಯ ಗೋಡೆಯಲ್ಲಿದೆ.

ನನ್ನ ಮಗಳು ಅಂಕ ಗಳಿಸುವವಳಲ್ಲ, ತಡೆಯುವವಳು. ನಮ್ಮ ಮನೆಯಲ್ಲೂ ಅದಕ್ಕೆ ಬೆಲೆಯಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ತಮ್ಮ ಬಂದಾಗಲೆಲ್ಲ ಕೇಳುತ್ತಿದ್ದ, "ಎಷ್ಟು ಹಾಕ್ದೆ?"

"ಎರಡು, ಮಾವ."

"ಅಷ್ಟೇನಾ? ಮೂರು ಹೊತ್ತು ಅದನ್ನೇ ಆಡ್ತೀಯ."

"ಅವರ ದೊಡ್ಡ ಆಟಗಾರ್ತಿಗೆ ಎಷ್ಟು ಹಾಕೋಕೆ ಬಿಟ್ಟೆ ಅಂತ ಕೇಳು."

"ಅದನ್ನ್ಯಾರು ಕೇಳ್ತಾರೆ?" ಎಂದು ಅವನು ಪೇಪರ್ ಬಿಡಿಸಿ ಕೂರುತ್ತಿದ್ದ. ಅವನನ್ನೂ ನಿಮ್ಮನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಚೆನ್ನಾಗಿ ಹೊಂದುತ್ತದೆ.

ತಡೆಯುವ ಆಟದ ಅರ್ಧ ಭಾಗ ಮಾತು. ಚೆಂಡು ಹಿಡಿದವಳ ಮೇಲೆ ಕಣ್ಣಿಟ್ಟು ಓಡುವವಳಿಗೆ ತನ್ನ ಬೆನ್ನ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಎದುರಾಳಿಗಳಲ್ಲೊಬ್ಬಳು ಅವಳ ದಾರಿಗೆ ಅಡ್ಡ ಬಂದು ಗೋಡೆಯಂತೆ ನಿಲ್ಲುತ್ತಾಳೆ. ಅದು ನಿಯಮದಲ್ಲೇ ಇದೆ. ಆಗ ಹಿಂದಿರುವ ಜೊತೆಗಾತಿ "ಬಲಕ್ಕೆ ಗೋಡೆ" ಎಂದು ಕೂಗಿ ಎಚ್ಚರಿಸಬೇಕು. ನಮ್ಮ ತಂಡದಲ್ಲಿ ಆ ಕೆಲಸ ನನ್ನ ಮಗಳದು. ಕಳೆದ ಪಂದ್ಯದಲ್ಲಿ ನಾಯಕಿ, ಹುಡುಗಿಯರು ಬುಗುರಿ ಎಂದು ಕರೆಯುವ ಪುಟ್ಟ ಹುಡುಗಿ, ಅಂಥ ಗೋಡೆಗೆ ಪೂರ್ತಿ ವೇಗದಲ್ಲಿ ಬಡಿದು ಬಿದ್ದಳು. ಅವಳ ಹೆಗಲ ಮೂಳೆ ಮುರಿಯಿತು. ಜನರನ್ನು ಹುರಿದುಂಬಿಸಲು ನೀವು ಹಾಕಿಸಿದ್ದ ಹಾಡು ಅವಳನ್ನು ಎತ್ತಿಕೊಂಡು ಹೋಗುವವರೆಗೂ ನಿಲ್ಲಲಿಲ್ಲ.

ವಿಚಾರಣೆ ನಡೆಸಿದಿರಿ. ಮೊದಲ ಸಾಲಿನಲ್ಲಿ ಕುಳಿತಿದ್ದ ಯಾರಿಗೂ ಕೂಗು ಕೇಳಿಸಿರಲಿಲ್ಲ, ಆದ್ದರಿಂದ ಅವಳು ಕೂಗಿಲ್ಲ ಎಂದು ತೀರ್ಮಾನಿಸಿದಿರಿ. ಪಕ್ಕದವರ ಮಾತೂ ಕೇಳದಷ್ಟು ಸದ್ದಿತ್ತೆಂಬುದು ಯಾರ ತಲೆಗೂ ಹೊಳೆಯಲಿಲ್ಲವೇ? ಪಂದ್ಯದ ವಿಡಿಯೋದಲ್ಲಿ ಹಾಡು ಬಿಟ್ಟರೆ ಬೇರೆ ದನಿಯಿಲ್ಲ, ಮಗಳ ಬೆನ್ನು ಬಿಟ್ಟರೆ ಮುಖವಿಲ್ಲ. ಮುಖ ಎದುರು ಬದಿಯಲ್ಲಿ ಕುಳಿತಿದ್ದ ನನ್ನ ಕಡೆಗಿತ್ತು. ನಾನು ನೇಯ್ಗೆ ಗಿರಣಿಯವಳು. ಮಗ್ಗಗಳ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳದು, ಹಾಗಾಗಿ ನಾವೆಲ್ಲ ತುಟಿ ನೋಡಿಯೇ ಹರಟುತ್ತೇವೆ. ಮೇಸ್ತ್ರಿಯ ಮೇಲಿನ ಜೋಕುಗಳನ್ನು ಮೇಸ್ತ್ರಿಯ ಎದುರಿಗೇ ಹೇಳಿಕೊಳ್ಳುತ್ತೇವೆ. ನನ್ನ ಮಗಳು "ಬಲಕ್ಕೆ ಗೋಡೆ" ಎಂದು ಮೂರು ಸಲ ಕೂಗಿದ್ದನ್ನು ನಾನು ಕಂಡೆ. ಮೂರನೆಯ ಸಲ ಅವಳ ಕತ್ತಿನ ನರ ಉಬ್ಬಿತ್ತು.

ಇದನ್ನು ಹೇಳಿದಾಗ ನಿಮ್ಮ ಸಮಿತಿಯ ಹಿರಿಯರು ಬಹಳ ಮೃದುವಾಗಿ ನಕ್ಕರು. "ತಾಯಿ ಸಾಕ್ಷಿ ತಗೊಳೋಕಾಗಲ್ಲಮ್ಮ. ನಿಮಗೂ ಕೇಳಿಸಿಲ್ಲ ಅಂತ ನೀವೇ ಹೇಳ್ತಿದೀರಲ್ಲ." ಬುಗುರಿಯನ್ನಾದರೂ ಸರಿಯಾಗಿ ಕೇಳಿದಿರಾ? ಆಸ್ಪತ್ರೆಯಲ್ಲಿ ಅವಳು ನನ್ನ ಕೈ ಹಿಡಿದು, "ನಂಗೆ ಕೇಳಿಸ್ಲಿಲ್ಲ ಅಂದೆ ಆಂಟಿ, ಅಷ್ಟೇ. ಅವಳು ಕೂಗ್ಲಿಲ್ಲ ಅಂತ ನಾನೆಲ್ಲಿ ಹೇಳ್ದೆ?" ಎಂದಳು. ಕೇಳಿಸದ್ದಕ್ಕೂ ಕೂಗದ್ದಕ್ಕೂ ವ್ಯತ್ಯಾಸ ಆ ಹುಡುಗಿಗೆ ತಿಳಿದಿದೆ. ನಿಮಗೂ ತಿಳಿದಿದೆ. ಒಪ್ಪಿಕೊಂಡರೆ ಧ್ವನಿವರ್ಧಕ ಯಾರದೆಂಬ ಪ್ರಶ್ನೆ ಏಳುತ್ತದೆ, ಅದಕ್ಕೇ ತಪ್ಪನ್ನು ನನ್ನ ಮಗಳ ತಲೆಗೆ ಕಟ್ಟಿ ಕೈ ತೊಳೆದುಕೊಂಡಿರಿ.

ತಂಡದಿಂದ ತೆಗೆದದ್ದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಗಿರಣಿಯಲ್ಲಿ ಇದಕ್ಕಿಂತ ದೊಡ್ಡದನ್ನು ನುಂಗಿದವಳು ನಾನು. ಆದರೆ ಮೊನ್ನೆ ಒಗೆದ ಬಟ್ಟೆ ಮಡಚುತ್ತಾ ಅವಳು ಕೇಳಿದಳು, "ಅಮ್ಮ, ನಿಜ ಹೇಳು. ನಾನು ಕೂಗಿದ್ನಾ?"

"ಮೂರು ಸಲ ಕೂಗಿದೆ. ನಾನೇ ನೋಡಿದೆ."

"ನಂಗೆ ನೆನಪಿರೋದು ಬರೀ ಹಾಡು, ಅಮ್ಮ. ಬಾಯಿ ತೆಗೆದು ಸುಮ್ನೆ ನಿಂತಿದ್ನೇನೋ." ಮಡಚಿದ್ದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚುತ್ತಾ, "ಬುಗುರಿ ಬಿದ್ದಿದ್ದು ನನ್ನಿಂದಾನೇ ಇರ್ಬೇಕು," ಎಂದಳು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನೂರಲ್ಲ, ಇನ್ನೂರು ಅಂಕ ಗಳಿಸಿಕೊಳ್ಳಿ, ನನ್ನ ತಕರಾರಿಲ್ಲ. ಚೆಂಡು ಆಟದಲ್ಲಿರುವಷ್ಟು ಹೊತ್ತು ಆ ಹಾಡನ್ನು ನಿಲ್ಲಿಸಿ. ಮುಂದಿನ ಪಂದ್ಯಕ್ಕೆ ಮುನ್ನ ಇಡೀ ತಂಡದ ಎದುರು ನನ್ನ ಮಗಳನ್ನು ಕರೆದು, "ನೀನು ಕೂಗಿದ್ದೆ, ನಾವು ಕೇಳಿಸಿಕೊಳ್ಳಲಿಲ್ಲ" ಎಂದು ಹೇಳಿ. ನಾನು ದಿನವೂ ಹೇಳುತ್ತಿದ್ದೇನೆ. ಅವಳು ನಂಬುತ್ತಿರುವುದು ನಿಮ್ಮನ್ನು.

ಇಂತಿ,
ಸಾಕ್ಷಿಯೆಂದು ಲೆಕ್ಕಕ್ಕಿಲ್ಲದ,
ಒಬ್ಬ ತಾಯಿ